ಅಡುಗೆಮನೆ ಡಬ್ಬಿಯಿಂದ ಕಿಟಕಿಯ ಕುಂಡಕ್ಕೆ

ಮನೆಯೊಳಗೆ ಬೀಜ ಬಿತ್ತುವುದು ಪಟ್ಟಣದವರು ಹೊಸದಾಗಿ ಕಲಿತ ಹವ್ಯಾಸವೇನೂ ಅಲ್ಲ. ನವರಾತ್ರಿಯ ಮೊದಲ ದಿನ ಘಟ ಕೂಡಿಸುವ ಮನೆಗಳಲ್ಲಿ ದೇವರ ಜಗಲಿಯ ಮುಂದೆ ಮಣ್ಣು ಹರಡಿ, ಜೋಳ, ಗೋದಿ, ಹೆಸರು ಮೊದಲಾದ ಕಾಳು ಚೆಲ್ಲಿ, ನಡುವೆ ನೀರು ತುಂಬಿದ ಮಣ್ಣಿನ ಕೊಡ ಇಡುತ್ತಾರೆ. ಕೊಡದಿಂದ ಜಿನುಗುವ ನೀರೇ ಮಣ್ಣನ್ನು ಹದವಾಗಿಡುತ್ತದೆ. ಮೇಲಿನಿಂದ ನೀರು ಸುರಿಯುವುದಕ್ಕಿಂತ ಇದು ಎಷ್ಟೋ ಮೇಲಾದ ಪದ್ಧತಿ. ಒಂಬತ್ತನೆಯ ದಿನಕ್ಕೆ ಗೇಣುದ್ದದ ಸಸಿಗಳು ಎದ್ದು ನಿಂತಿರುತ್ತವೆ. ಆದರೆ ಅವುಗಳ ಬಣ್ಣ ಹಸಿರಲ್ಲ, ತೆಳು ಹಳದಿ.

ಆ ಹಳದಿಯಲ್ಲಿಯೇ ಒಳಾಂಗಣ ಕೃಷಿಯ ಅರ್ಧ ಪಾಠವಿದೆ. ಪ್ರತಿಯೊಂದು ಬೀಜವೂ ಭ್ರೂಣದ ಜೊತೆಗೆ ಒಂದಿಷ್ಟು ಬುತ್ತಿಯನ್ನು ಕಟ್ಟಿಕೊಂಡೇ ತಾಯಿಗಿಡದಿಂದ ಹೊರಡುತ್ತದೆ. ನೀರು ಮತ್ತು ಬೆಚ್ಚಗಿನ ಹವೆ ಸಿಕ್ಕೊಡನೆ ಆ ಬುತ್ತಿಯನ್ನು ಉಂಡು ಮೊಳಕೆ ಬೆಳೆಯುತ್ತದೆ. ಬೆಳಕಿಲ್ಲದಿದ್ದರೆ ಪತ್ರಹರಿತ್ತು ತಯಾರಾಗುವುದಿಲ್ಲ. ಇದ್ದ ಬುತ್ತಿಯನ್ನೆಲ್ಲ ಕಾಂಡ ಉದ್ದಮಾಡಲು ಖರ್ಚುಮಾಡಿ ಸಸಿ ಬೆಳಕನ್ನು ಹುಡುಕಿಕೊಂಡು ಮೇಲಕ್ಕೆ ಹೋಗುತ್ತದೆ. ಘಟದ ಸಸಿಗೆ ಒಂಬತ್ತು ದಿನದ ಆಯುಷ್ಯ ಸಾಕು, ಆದ್ದರಿಂದ ಹಳದಿ ಬಣ್ಣ ಅಲ್ಲಿ ದೋಷವೂ ಅಲ್ಲ. ಮೆಣಸಿನ ಗಿಡಕ್ಕೆ ಮಾತ್ರ ಬುತ್ತಿ ಮುಗಿದ ಮೇಲೆಯೂ ನಾಲ್ಕಾರು ತಿಂಗಳು ಬದುಕಬೇಕಾಗಿದೆ.

ಹಾವೇರಿ 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಎದ್ದ ಬಡಾವಣೆಗಳ ಬಾಡಿಗೆ ಮನೆಗಳಿಗೆ ಹಿತ್ತಲು ಎಂಬುದು ಅಪರೂಪ. ಗಿಡ ಬೆಳೆಸುವ ಆಸೆಯುಳ್ಳವರಿಗೆ ಒಂದು ಕಿಟಕಿ, ಬಹಳವಾದರೆ ಒಂದು ಕಟ್ಟೆ ಸಿಕ್ಕರೆ ಅದೇ ಭಾಗ್ಯ. ಅಂಗಡಿಗೆ ಹೋದರೆ ಬಣ್ಣದ ಕುಂಡ, ತೆಂಗಿನ ನಾರಿನ ಪುಡಿಯ ಇಟ್ಟಿಗೆ, ಚಿತ್ರವಿರುವ ಬೀಜದ ಪಾಕೀಟು ಎಂದು ಒಂದರ ಹಿಂದೊಂದು ಖರ್ಚು. ಇವುಗಳಲ್ಲಿ ಬಹುಪಾಲು ಅನಾವಶ್ಯಕ. ಬೀಜವಂತೂ ಅಡುಗೆಮನೆಯಲ್ಲಿಯೇ ಇದೆ. ಮೆಂತೆ, ಸಾಸಿವೆ, ಕೊತ್ತಂಬರಿ ಕಾಳು ಮೂರೂ ಮೊಳೆಯುತ್ತವೆ. ಕೊತ್ತಂಬರಿ ಕಾಳೊಂದು ಎರಡು ಬೀಜಗಳ ಜೋಡಿ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು. ಇನ್ನು ಒಣಮೆಣಸಿನಕಾಯಿಯೊಳಗಿನ ಬೀಜ. ಅದರದೇ ಒಂದು ದೊಡ್ಡ ಕಥೆ. ಸ್ವಲ್ಪ ತಡೆದು ಅದಕ್ಕೆ ಬರೋಣ.

ಡಬ್ಬಿಯ ಬೀಜಕ್ಕೆ ಜೀವವಿದೆಯೇ ಇಲ್ಲವೇ ಎಂದು ಬಿತ್ತುವ ಮೊದಲೇ ತಿಳಿಯಬಹುದು. ಒದ್ದೆ ಬಟ್ಟೆಯ ಮೇಲೆ ಇಪ್ಪತ್ತು ಬೀಜ ಎಣಿಸಿಟ್ಟು, ಬಟ್ಟೆಯನ್ನು ಸುತ್ತಿ, ಹಾಲಿನ ಖಾಲಿ ಪಾಕೀಟಿನಲ್ಲಿ ಹಾಕಿ, ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿ ಇಡಿ. ಮೆಂತೆ ಮೂರ್ನಾಲ್ಕು ದಿನದಲ್ಲಿ ಉತ್ತರ ಹೇಳುತ್ತದೆ. ಟೊಮೆಟೊಗೆ ವಾರ, ಮೆಣಸಿನಕಾಯಿಗೆ ಎಂಟರಿಂದ ಹತ್ತು ದಿನ ಬೇಕು, ಚಳಿಗಾಲದಲ್ಲಿ ಇನ್ನೂ ತಡ. ನಮ್ಮ ದೇಶದ ಬೀಜ ಪ್ರಮಾಣೀಕರಣ ನಿಯಮದಲ್ಲಿ ಮೆಣಸಿನಕಾಯಿಗೆ ಕನಿಷ್ಠ ಮೊಳಕೆ ಪ್ರಮಾಣ ಶೇ 60, ಟೊಮೆಟೊ ಮತ್ತು ಬದನೆಗೆ ಶೇ 70. ಇಪ್ಪತ್ತು ಮೆಣಸಿನ ಬೀಜದಲ್ಲಿ ಹನ್ನೆರಡು ಮೊಳೆತರೆ ನಿಮ್ಮ ಡಬ್ಬಿಯ ಬೀಜ ಕಾಯದೆಯ ಪ್ರಕಾರವೂ ಪಾಸು! ಬೀಜ ನೀರಿನಲ್ಲಿ ತೇಲಿತೆಂದು ಚೆಲ್ಲುವವರಿದ್ದಾರೆ. ಒಣಗಿದ ಮೆಣಸಿನ ಬೀಜ ಗಟ್ಟಿಯಿದ್ದರೂ ಮೊದಲಿಗೆ ತೇಲುವುದುಂಟು. ಆ ಪರೀಕ್ಷೆಯನ್ನು ನಂಬಬೇಕಾಗಿಲ್ಲ.

ಬೀಜ ಪುಕ್ಕಟೆ ಸಿಕ್ಕಿತು. ಮನೆಯೊಳಗೆ ನಿಜವಾಗಿ ದುಬಾರಿಯಾದದ್ದು ಬೆಳಕು. ನಮ್ಮ ಕಣ್ಣು ಈ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳುತ್ತದೆ, ಏಕೆಂದರೆ ಬೆಳಕು ಕಡಿಮೆಯಾದಂತೆ ಪಾಪೆ ಹಿಗ್ಗುತ್ತದೆ, ಕೋಣೆ ಸಾಕಷ್ಟು ಬೆಳಕಾಗಿದೆ ಎಂದು ಭ್ರಮೆ ಹುಟ್ಟುತ್ತದೆ. ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಬಿಸಿಲು ನೇರ ಬೀಳದ ಕಿಟಕಿಯ ಬಳಿ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಕೋಣೆಯ ಒಳಗಿನ ಗೋಡೆಯ ಹತ್ತಿರ ಇನ್ನೂರು ಮುನ್ನೂರು ಸಿಕ್ಕರೆ ಹೆಚ್ಚು. ಓದಲು ಅಷ್ಟು ಸಾಕು, ಮೆಣಸಿನ ಸಸಿಗೆ ಅದು ಉಪವಾಸ.

ಯಾವ ಕಿಟಕಿ ಒಳ್ಳೆಯದು? ಹಾವೇರಿ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬ್ಯಾಡಗಿ, ರಾಣೆಬೆನ್ನೂರುಗಳೂ ಹೆಚ್ಚುಕಡಿಮೆ ಅಲ್ಲಿಯೇ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆಯೇ ಹಾಯುತ್ತಾನೆ. ಈ ಎರಡರ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಆದ್ದರಿಂದ ದಕ್ಷಿಣದ ಕಿಟಕಿಯೊಳಗೆ ಬಿಸಿಲು ಬರುವುದಿಲ್ಲ. ಡಿಸೆಂಬರ್ ಕೊನೆಗೆ ಅವನು ದಕ್ಷಿಣಕ್ಕೆ ಜರುಗಿ, ಮಧ್ಯಾಹ್ನವೂ ದಿಗಂತದಿಂದ 52 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಅದೇ ಕಿಟಕಿಯಲ್ಲಿ ಬಿಸಿಲು ಒಳಗೆ ಚಾಚಿ ಬೀಳುತ್ತದೆ. ಹಾಗಾಗಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ದಕ್ಷಿಣದ ಕಿಟಕಿ, ಉಳಿದ ಕಾಲದಲ್ಲಿ ಪೂರ್ವದ ಕಿಟಕಿ ಎಂದು ಇಟ್ಟುಕೊಳ್ಳಬಹುದು. ಪಶ್ಚಿಮದ ಕಿಟಕಿಯ ಬಿಸಿಲು ಬೇಸಿಗೆಯಲ್ಲಿ ಎಳೆಯ ಸಸಿಗೆ ತಡೆಯದು. ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿರುವವರಿಗೆ ಮಾತ್ರ ಈ ಲೆಕ್ಕಾಚಾರದ ತೊಂದರೆ ಕಡಿಮೆ. ಬೆಳಕಿಂಡಿಯ ಕೆಳಗೆ ಬೀಳುವ ಬಿಸಿಲಿನ ಬಿಲ್ಲೆ ದಿನವಿಡೀ ಎಲ್ಲೆಲ್ಲಿ ಸರಿಯುತ್ತದೆಂದು ನೋಡಿ ಕುಂಡ ಇಟ್ಟರಾಯಿತು.

ಸಸಿ ಬೆಳಕಿನ ಕಡೆಗೆ ಬಾಗುವುದನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ ಸೇರಿ ಪರೀಕ್ಷಿಸಿ 1880ರಲ್ಲಿ ಪುಸ್ತಕ ಪ್ರಕಟಿಸಿದರು. ಹುಲ್ಲಿನ ಎಳೆಯ ಸಸಿಯ ತುದಿಗೆ ಬೆಳಕು ತಾಗದಂತೆ ಪುಟ್ಟ ಟೊಪ್ಪಿಗೆ ತೊಡಿಸಿದಾಗ ಅದು ಬಾಗಲಿಲ್ಲ. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ತುದಿಯಿಂದ ಇಳಿದು ಬರುವ ಆಕ್ಸಿನ್ ಎಂಬ ಪ್ರಚೋದಕ ಕತ್ತಲೆಯ ಬದಿಯಲ್ಲಿ ಹೆಚ್ಚು ಸೇರಿ ಆ ಬದಿಯನ್ನು ಉದ್ದಗೊಳಿಸುತ್ತದೆಂದು ನಂತರದವರು ಕಂಡುಕೊಂಡರು. ಮನೆಯಲ್ಲಿ ಇದಕ್ಕೆ ಖರ್ಚಿಲ್ಲದ ಪರಿಹಾರವೆಂದರೆ ದಿನಕ್ಕೊಮ್ಮೆ ಕುಂಡವನ್ನು ಅರ್ಧ ಸುತ್ತು ತಿರುಗಿಸುವುದು. ಇನ್ನೊಂದು ಉಪಾಯ: ಬೆಳಿಗ್ಗೆ ಸಂಜೆ ಸಸಿಗಳ ತಲೆಯ ಮೇಲೆ ಅಂಗೈಯನ್ನು ಹತ್ತು ಸಲ ಹಗುರಾಗಿ ಸವರಿ. ಬಯಲಿನ ಗಾಳಿ ಮಾಡುವ ಕೆಲಸವನ್ನು ಕೈ ಮಾಡುತ್ತದೆ, ಕಾಂಡ ಗಿಡ್ಡಾಗಿ ಗಟ್ಟಿಯಾಗುತ್ತದೆ.

ಕಿಟಕಿಯೇ ಸರಿಯಿಲ್ಲದಿದ್ದರೆ ಸಾಮಾನ್ಯ 9 ವ್ಯಾಟ್ ಎಲ್‌ಇಡಿ ಬಲ್ಬನ್ನು ಸಸಿಗಳಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿ ತೂಗುಹಾಕಿದರೆ ಕೆಲವು ಸಾವಿರ ಲಕ್ಸ್ ಸಿಗುತ್ತದೆ. ದಿನಕ್ಕೆ 14 ಗಂಟೆ ಉರಿಸಿದರೆ 126 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ ಸುಮಾರು ಎಂಟು ದಿನ ಬರುತ್ತದೆ. ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗದು. ನೇರಳೆ ಬಣ್ಣದ, ಗಿಡಕ್ಕೆಂದೇ ಮಾರುವ ದುಬಾರಿ ದೀಪ ಬೇಕಾಗಿಲ್ಲ. ಬಿಳಿ ಬೆಳಕಿನಲ್ಲಿ ಎಲೆಗೆ ಬೇಕಾದ ಕೆಂಪು, ನೀಲಿ ಎರಡೂ ಇವೆ.

ಮಣ್ಣಿನ ವಿಷಯ ಬೇಗ ಮುಗಿಯುತ್ತದೆ. ಎರಿ ಮಣ್ಣೊಂದನ್ನೇ ತುಂಬಿದರೆ ನೀರು ಹಾಕಿದಾಗ ರಾಡಿ, ಒಣಗಿದಾಗ ಬಿರುಕು. ಮಸಾರಿ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ತೊಳೆದ ಉಸುಕು ಸಮಪಾಲು ಬೆರೆಸಿದರೆ ಸಾಕು. ತೆಂಗಿನ ಪರಟೆ, ಹಾಲಿನ ಪಾಕೀಟು, ಹಳೆಯ ಪತ್ರಿಕೆಯನ್ನು ಲೋಟಕ್ಕೆ ಸುತ್ತಿ ಮಾಡಿದ ಕೊಳವೆ ಯಾವುದಾದರೂ ಆದೀತು, ತಳದಲ್ಲಿ ತೂತು ಮಾತ್ರ ಇರಲೇಬೇಕು. ಬೀಜದ ದಪ್ಪದ ಎರಡರಷ್ಟು ಆಳ ಬಿತ್ತನೆ. ಸಸಿಗಳು ಎದ್ದ ಮೂರನೆಯ ದಿನ ಬುಡದಲ್ಲಿ ಕಪ್ಪಾಗಿ, ಕತ್ತರಿಸಿದಂತೆ ಅಡ್ಡ ಬೀಳುವುದುಂಟು. ಇದು ಪಿಥಿಯಂ ಮುಂತಾದ ಸೂಕ್ಷ್ಮಜೀವಿಗಳ ಕೆಲಸ. ಅತಿಯಾದ ನೀರು ಮತ್ತು ಗಾಳಿಯಿಲ್ಲದ ಮೂಲೆ ಎರಡೂ ಸೇರಿ ಅವನ್ನು ಕರೆಯುತ್ತವೆ. ಬಿತ್ತುವ ಮುನ್ನ ಮಣ್ಣಿಗೆ ಕುದಿಯುವ ನೀರು ಸುರಿದು ಆರಿಸಿ, ಆಮೇಲೆ ತಟ್ಟೆಯಲ್ಲಿ ನೀರಿಟ್ಟು ತಳದಿಂದಲೇ ಹೀರಲು ಬಿಡಿ. ಅದನ್ನೂ ಬೆಳಿಗ್ಗೆ ಮಾತ್ರ. ಘಟದ ಕೊಡ ಇದನ್ನೇ ತಾನೇ ಮಾಡುತ್ತಿದ್ದುದು?

ಈಗ ಮೆಣಸಿನಕಾಯಿ.

ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಬರುವ ಚೀಲಗಳಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಹಳೆಯ ಬಗೆಗಳಿವೆ. ಕಡ್ಡಿ ಉದ್ದ, ತೆಳುವು, ಸುಕ್ಕು ಹೆಚ್ಚು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡು, ಬೀಜ ಜಾಸ್ತಿ. ಖಾರ ಕಡಿಮೆ, ಬಣ್ಣ ಗಾಢ ಎಂಬುದೇ ಎರಡರ ಕೀರ್ತಿ. ಬಣ್ಣ ಕೊಡುವುದು ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್. ಖಾರ ಕೊಡುವ ಕ್ಯಾಪ್ಸೈಸಿನ್ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಆದರೂ ಬೀಜ ಬಿಡಿಸಿದ ಕೈಯನ್ನು ಕಣ್ಣಿಗೆ ತಾಗಿಸಬಾರದು. ಈ ಕಾಯಿಗಳು ಬಿಸಿಲಿನಲ್ಲಿ ಒಣಗುವುದರಿಂದ ಬೀಜಕ್ಕೆ ಸಾಮಾನ್ಯವಾಗಿ ಜೀವ ಉಳಿದಿರುತ್ತದೆ. ಹೊನ್ನಿನ ಬಣ್ಣದ ಬೀಜ ಆರಿಸಿ, ಕಂದು ತಿರುಗಿದ್ದನ್ನು ಬಿಡಿ. ಗ್ರಾಂ ಒಂದಕ್ಕೆ ನೂರೈವತ್ತರ ಮೇಲೆ ಬೀಜ ತೂಗುವುದರಿಂದ ಒಂದು ಮನೆಗೆ ಒಂದೆರಡು ಕಾಯಿಯೇ ಧಾರಾಳ.

ಹಾಗಾದರೆ ಡಬ್ಬಿಯಲ್ಲಿನ ಯಾವ ಕೆಂಪು ಕಾಯಿಯ ಬೀಜ ಹಾಕಿದರೂ ಅಂಥದೇ ಕಾಯಿ ಬಂದೀತೇ? ಇಲ್ಲಿ ತೊಡಕಿದೆ. ಈಗ ಅದೇ ಮಾರುಕಟ್ಟೆಯಲ್ಲಿ 5531, 2043 ಎಂದು ಅಂಕಿಗಳಿಂದಲೇ ಗುರುತಿಸುವ ಹೈಬ್ರಿಡ್ ಕಾಯಿಗಳೂ ರಾಶಿ ಬೀಳುತ್ತವೆ. ಬಳ್ಳಾರಿ, ರಾಯಚೂರು ಸೀಮೆಯಿಂದ, ಆಂಧ್ರದಿಂದ ಬರುವ ಮಾಲೂ ಇಲ್ಲಿ ಮಾರಾಟವಾಗುತ್ತದೆ. ಬ್ಯಾಡಗಿ ಸುತ್ತಲಿನ ಹೊಲಗಳಲ್ಲಿ ಮೆಣಸಿನ ಜಾಗವನ್ನು ಬಹಳಷ್ಟು ಗೋವಿನಜೋಳ ಹಿಡಿದಿದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರಿಂದ ಹೆಸರಿಗೆ ಕಾವಲು ಸಿಕ್ಕಿತೇ ಹೊರತು ಬೀಜಕ್ಕಲ್ಲ. ಹೆಚ್ಚು ಇಳುವರಿಯ ಆಸೆಗೆ ರೈತ ಹೈಬ್ರಿಡ್ ಹಿಡಿದರೆ ಅವನನ್ನು ದೂರುವಂತಿಲ್ಲ, ಸಾಲ ತೀರಿಸಬೇಕಾದವನು ಅವನು. ಆದರೆ ಹಿಂದಿನ ವರ್ಷದ ಒಳ್ಳೆಯ ಕಾಯಿ ಆರಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ಬೀಜ ಇಡುತ್ತಿದ್ದ ಮನೆಗಳು ಆ ಅಭ್ಯಾಸ ಬಿಟ್ಟವೆಂಬುದು ಸಣ್ಣ ನಷ್ಟವಲ್ಲ.

ಹೈಬ್ರಿಡ್ ಬೀಜದ ತವರು ದೂರವೇನಿಲ್ಲ. ಬ್ಯಾಡಗಿಯ ನೆರೆಯ ರಾಣೆಬೆನ್ನೂರೇ ತರಕಾರಿ ಮತ್ತು ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆಗೆ ದೇಶದಲ್ಲಿ ಹೆಸರಾದ ಊರು. ಧಾರವಾಡದ ಸಂಶೋಧಕರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟರು. 1973ರಲ್ಲಿ ಮನಮೋಹನ ಅತ್ತಾವರರ ಬೆಂಗಳೂರಿನ ಇಂಡೋ-ಅಮೆರಿಕನ್ ಸಂಸ್ಥೆ ‘ಕರ್ನಾಟಕ’ ಎಂಬ ಟೊಮೆಟೊ, ‘ಭಾರತ್’ ಎಂಬ ದೊಣ್ಣೆಮೆಣಸಿನ ಹೈಬ್ರಿಡ್‌ಗಳನ್ನು ಹೊರತಂದಿತು. ಆಮೇಲೆ ಈ ಬೀಜಗಳನ್ನು ತಯಾರಿಸುವ ಕೆಲಸ ಹಳ್ಳಿಹಳ್ಳಿಗೆ ಹಬ್ಬಿತು. ಟೊಮೆಟೊ ಹೈಬ್ರಿಡ್ ಮಾಡುವುದು ಹೀಗೆ: ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಬಿಡಿಸಿ ಚಿಮಟದಿಂದ ಕೇಸರಗಳನ್ನು ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ತಂದೆಗಿಡದ ಪರಾಗವನ್ನು ಆ ಹೂವಿನ ಶಲಾಕೆಯ ತುದಿಗೆ ಮುಟ್ಟಿಸಬೇಕು. ಒಂದೊಂದು ಹೂವಿಗೂ ಎರಡು ಸಲ ಕೈ ತಾಗಬೇಕು, ಬಹುಮಟ್ಟಿಗೆ ಅದು ಹೆಂಗಸರ ಕೈ. ಪರಾಗವೇ ಹುಟ್ಟದ ತಾಯಿಸಾಲು ಇರುವ ಮೆಣಸಿನಕಾಯಿಯಲ್ಲಿ ಕೇಸರ ಕೀಳುವ ಕೆಲಸ ಉಳಿಯುತ್ತದೆ, ಪರಾಗ ಸವರುವುದು ತಪ್ಪದು. ಬೇರೆ ಪರಾಗ ಹೊತ್ತು ಜೇನು ಬಾರದಂತೆ ನೈಲಾನ್ ಪರದೆಯ ಮನೆ ಬೇರೆ. ಬೀಜದ ಪಾಕೀಟು ಏಕೆ ತುಟ್ಟಿ ಎನ್ನುವವರು ಒಮ್ಮೆ ಈ ಪರದೆಮನೆಯೊಳಗೆ ಹೊಕ್ಕು ಬರಬೇಕು.

“ಅಣ್ಣಾರ, ಈ ಪಾಕೀಟಿನ ಗಿಡದಾಗ ಬಿಟ್ಟ ಹಣ್ಣಿನ ಬೀಜಾ ಮತ್ತ ಹಾಕಿದ್ರ ಹುಟ್ಟತಾವೇನ್ರಿ?” ಎಂದು ಬೀಜದಂಗಡಿಯಲ್ಲಿ ಕೇಳುವ ಗೃಹಿಣಿಯರಿಗೆ ಸಿಗುವ ಉತ್ತರ ಒಂದೇ. “ಹುಟ್ಟತಾವ್ರೀ ಅಕ್ಕಾರ, ಆದ್ರ ತಾಯಿ ಹಂಗ ಬರಂಗಿಲ್ಲ.” ವ್ಯಾಪಾರದ ಮಾತಾದರೂ ಇದು ಸುಳ್ಳಲ್ಲ. ಎರಡು ಬೇರೆ ಸಾಲುಗಳ ಗುಣ ಮೊದಲ ಪೀಳಿಗೆಯಲ್ಲಿ ಒಂದೇ ಸಮನಾಗಿ ಬೆರೆತಿರುತ್ತದೆ, ಎರಡನೆಯ ಪೀಳಿಗೆಯಲ್ಲಿ ಒಡೆದು ಚದುರುತ್ತದೆ. ಗ್ರೆಗರ್ ಮೆಂಡಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಲೆಕ್ಕದಲ್ಲಿ ಒಂದೊಂದು ಗುಣವೂ ಮೂರಕ್ಕೆ ಒಂದರಂತೆ ಬೇರ್ಪಟ್ಟಿತ್ತು. ಹತ್ತಾರು ಗುಣಗಳಿರುವ ಮೆಣಸಿನಕಾಯಿಯಲ್ಲಿ ಹತ್ತು ಗಿಡಕ್ಕೆ ಹತ್ತು ರೂಪವಾದರೆ ಆಶ್ಚರ್ಯವಿಲ್ಲ. ಕಡ್ಡಿ, ಡಬ್ಬಿಗಳು ಹಾಗಲ್ಲ. ತಲೆಮಾರುಗಳಿಂದ ರೈತರೇ ಆರಿಸುತ್ತ ಬಂದ ನಾಟಿ ತಳಿಗಳಾದ್ದರಿಂದ ಮಗುವಿಗೆ ತಾಯಿಯ ಹೋಲಿಕೆ ಇರುತ್ತದೆ. ಆದ್ದರಿಂದ ಬೀಜಕ್ಕಾಗಿ ಕಾಯಿ ತರುವಾಗ ಗುರುತಿನ ರೈತರ ಮನೆಯಿಂದಲೇ ತರುವುದು ಲೇಸು. ಹಾವೇರಿ ಹತ್ತಿರದ ದೇವಿಹೊಸೂರಿನ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಲೂಬಹುದು.

ಒಂದು ಅಡಚಣೆ ಉಳಿಯಿತು. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿದ್ದು ಸ್ವಂತ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ಬಯಲಿನಲ್ಲಿ ಜೇನು ಮತ್ತಿತರ ಕೀಟಗಳು ಅಕ್ಕಪಕ್ಕದ ಪರಾಗವನ್ನು ತಂದು ಬೆರೆಸುತ್ತವೆ. ಇದಕ್ಕೇ ಪ್ರಮಾಣಿತ ಬೀಜದ ಹೊಲ ಬೇರೆ ತಳಿಯ ಮೆಣಸಿನ ಹೊಲದಿಂದ 200 ಮೀಟರ್ ದೂರ ಇರಬೇಕೆಂಬ ನಿಯಮ. ಸುತ್ತ ಹೈಬ್ರಿಡ್ ಬೆಳೆದಿರುವ ಎರಡೆಕರೆ ರೈತ ಆ ದೂರವನ್ನು ಎಲ್ಲಿಂದ ತಂದಾನು? ಆದರೆ ಸೊಳ್ಳೆ ಪರದೆ ಬಡಿದ ಕಿಟಕಿಯೊಳಗಿನ ಕುಂಡಕ್ಕೆ ಜೇನು ಬರುವುದೇ ಇಲ್ಲ! ಹಣ್ಣಿಗೆ ಬಡತನದ ಜಾಗವಾದ ಕೋಣೆ, ಶುದ್ಧ ಬೀಜಕ್ಕೆ ರಾಣೆಬೆನ್ನೂರಿನ ಪರದೆಮನೆಗೆ ಸಮನಾಗುತ್ತದೆ. ಜೇನಿನ ಬದಲು ಮನೆಯವರು ಬೆಳಿಗ್ಗೆ ಹೂಬಿಟ್ಟ ಟೊಂಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಟ್ಟುತ್ತದೆ. ಕುಂಡ ಹೊರಗಿನ ಕಟ್ಟೆಯ ಮೇಲಿದ್ದರೆ ಅರಳುವ ಮುನ್ನವೇ ನಾಲ್ಕಾರು ಮೊಗ್ಗುಗಳಿಗೆ ತೆಳು ಬಟ್ಟೆಯ ಪುಟ್ಟ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ಬಣ್ಣದ ದಾರ ಬಿಗಿಯಬೇಕು.

ಲೆಕ್ಕಾಚಾರ ಹೀಗೆ. ಬಿತ್ತಿದ 35–40 ದಿನಕ್ಕೆ ಸಸಿ, ಈ ಭಾಗದವರ ಮಾತಿನಲ್ಲಿ ಅಗಿ, ನಾಟಿಗೆ ಬರುತ್ತದೆ. ಹತ್ತು ಲೀಟರಿನ ಹಳೆಯ ಬಣ್ಣದ ಬಕೀಟಿಗೆ ಒಂದೇ ಗಿಡ. ಬಕೀಟನ್ನು ತೊಳೆದು, ತಳಕ್ಕೆ ತೂತು ಕೊರೆದಿರಬೇಕು. ನಾಟಿಯಿಂದ ಹೂವಿಗೆ ಮತ್ತೆ ಸುಮಾರು ಒಂದೂವರೆ ತಿಂಗಳು. ಗಿಡದ ಮೇಲೆಯೇ ಪೂರ್ತಿ ಕೆಂಪಾಗಿ ಬಾಡತೊಡಗಿದ ಕಾಯಿಯನ್ನು ಮಾತ್ರ ಬೀಜಕ್ಕೆ ತೆಗೆಯಬೇಕು. ಇಂಥ ನಾಲ್ಕು ಬಕೀಟಿನಿಂದ ವರ್ಷದ ಖಾರದ ಪುಡಿ ಆಗುವುದಿಲ್ಲ; ಹಾಗೆಂದು ನಂಬಿಸುವವರ ಮಾತು ಕೇಳಬೇಡಿ. ತಳಿಯೊಂದು ಒಂದೇ ಕಿಟಕಿಯಲ್ಲಿ ಉಳಿಯುವುದೂ ಇಲ್ಲ. ಒಂದೇ ಗಿಡದ ಬೀಜವನ್ನು ವರ್ಷ ವರ್ಷ ಬಿತ್ತುತ್ತ ಹೋದರೆ ತಳಿಯ ವೈವಿಧ್ಯ ಕರಗುತ್ತದೆ. ಬೇರೆ ಬೇರೆ ಕಾಯಿಯಿಂದ ಬಂದ ನಾಲ್ಕಾರು ಗಿಡಗಳ ಬೀಜ ಕೂಡಿಸಿ ಇಡಬೇಕು, ಪರಿಚಯದ ಇನ್ನೊಂದು ಮನೆಯ ಬೀಜದೊಂದಿಗೆ ಅದಲುಬದಲು ಮಾಡಿಕೊಳ್ಳಬೇಕು. ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನೂ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೇ.

ಬೀಜ ತೆಗೆದ ಮೇಲೆ ನೆರಳಿನಲ್ಲಿ ವಾರ ಒಣಗಿಸಿ. ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹಾಕಿಕೊಟ್ಟ ಸ್ಥೂಲ ಲೆಕ್ಕದಂತೆ ಬೀಜದ ತೇವಾಂಶ ಶೇ 1ರಷ್ಟು ಇಳಿದರೂ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಬೀಜದ ಆಯುಷ್ಯ ಇಮ್ಮಡಿಯಾಗುತ್ತದೆ. ಹಿರಿಯರ ಒಲೆಯ ಬೂದಿ ಮಾಡುತ್ತಿದ್ದುದೂ ತೇವ ಹೀರುವ ಕೆಲಸವನ್ನೇ. ಗಾಜಿನ ಸೀಸೆಯ ತಳಕ್ಕೆ ಎರಡು ಚಮಚ ಒಣ ಬೂದಿ, ಅದರ ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ, ಬಿಗಿ ಮುಚ್ಚಳ. ಫ್ರಿಜ್ ಇದ್ದರೆ ಅದರೊಳಗೆ, ಇಲ್ಲದಿದ್ದರೆ ನೀರಿನ ಮಡಕೆಯ ಸನಿಹದ ತಂಪು ಗೂಡಿನಲ್ಲಿಡಿ. ಪೊಟ್ಟಣದ ಮೇಲೆ ತಳಿಯ ಹೆಸರು, ಯಾರ ಮನೆಯ ಕಾಯಿ, ಯಾವ ತಿಂಗಳು ಎಂದು ಬರೆಯಬೇಕು, ಏಕೆಂದರೆ ಸಾಮಾನ್ಯ ಉಷ್ಣತೆಯಲ್ಲಿ ಇಟ್ಟ ಮೆಣಸಿನ ಬೀಜ ಎರಡು ವರ್ಷ ದಾಟಿದ ಮೇಲೆ ಜಾಣತನದಿಂದ ಏನೇ ಮಾಡಿದರೂ ಚೆನ್ನಾಗಿ ಮೊಳೆಯುವುದು ಕಡಿಮೆ. ಮೇ ಕೊನೆಯಲ್ಲಿ ರೋಹಿಣಿ ಮಳೆ ಹೂಡುವಾಗ ಸೀಸೆ ತೆಗೆದು ಇಪ್ಪತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದರೆ, ಪುನರ್ವಸು ಮಳೆಯ ಹೊತ್ತಿಗೆ ಅಗಿ ಬಕೀಟಿಗೆ ಸಿದ್ಧವಾಗಿರುತ್ತದೆ.